ಕಮಲಕ್ಕನ ಜಾಗ

೧೯೭೯ರ ಜೂನ್ ತಿಂಗಳಲ್ಲಿ ರಶೀದಾ ಬಿ.ಎ. ಪಾಸಾದ ಸುದ್ದಿ ಬಂದಾಗ ಅವಳ ಅಪ್ಪ ಹಯಾತ್ ಸಾಬ್ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತಿದ್ದ. ಬಾಣಲೆಯಲ್ಲಿ ಅಕ್ಕಿ ಇತ್ತು. ಅಕ್ಕಿ ಮರಳಿಗೆ ಬಿದ್ದ ಮೇಲೆ ಭಟ್ಟಿಯವನು ಅತ್ತಿತ್ತ ನೋಡುವ ಹಾಗಿಲ್ಲ, ಒಂದು ಗಳಿಗೆ ತಡವಾದರೂ ಮಂಡಕ್ಕಿ ಸೀದು ಹೋಗುತ್ತದೆ. ಹಾಗಾಗಿ ಮಗಳು ಬಾಗಿಲಲ್ಲಿ ನಿಂತು "ಅಬ್ಬಾ, ಸೆಕೆಂಡ್ ಕ್ಲಾಸ್" ಎಂದಾಗ ಅವನು ತಿರುಗದೆಯೇ "ಹ್ಞಾಂ" ಎಂದ. ಅಕ್ಕಿಯೆಲ್ಲ ಅರಳಿ, ಮರಳು ಜರಡಿಯಲ್ಲಿ ಇಳಿದು, ಮಂಡಕ್ಕಿ ರಾಶಿಗೆ ಬಿದ್ದ ಮೇಲೆ ತಿರುಗಿದ. ಕಣ್ಣು ಕೆಂಪಗಿದ್ದವು. ಹೊಗೆಗೋ ಸಂತೋಷಕ್ಕೋ ಹೇಳುವುದು ಕಷ್ಟ, ಭಟ್ಟಿಯವರ ಕಣ್ಣು ವರ್ಷವಿಡೀ ಕೆಂಪಗೇ ಇರುತ್ತವೆ.

ಆ ಬೀದಿಯಲ್ಲಿ ಬಿ.ಎ. ಮಾಡಿದ ಹೆಣ್ಣುಮಗಳು ರಶೀದಾ ಒಬ್ಬಳೇ. ಅವಳ ಅಮ್ಮ ಅಮೀನಾಬೀ ಆ ಸುದ್ದಿಯನ್ನು ಮನೆಮನೆಗೂ ಒಂದು ಸಲ ಹೇಳಿ, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು ಸಲ ಹೇಳಿದಳು. ಆ ಮನೆಯಲ್ಲಿ ಒಳಗಿನ ಮಾತಿಗೆ ಉರ್ದು, ಬೀದಿಗೆ ಕನ್ನಡ, ಜಗಳಕ್ಕೆ ಎರಡೂ. "ನನ್ನ ಮಗಳು ಟೀಚರ್ ಆಗ್ತಾಳೆ" ಎನ್ನುವ ಮಾತಿಗೂ ಎರಡೂ ಬಳಕೆಯಾದವು.

ಟೀಚರ್ ಆಗುವುದೇನೋ ಸರಿ, ಹೇಗೆ? ಬಿ.ಇಡಿ. ಆಗಿರಲಿಲ್ಲ. ಇನ್ನೊಂದು ವರ್ಷ ಓದಿಸುವ ಶಕ್ತಿ ಹಯಾತ್ ಸಾಬನಿಗೆ ಉಳಿದಿರಲಿಲ್ಲ. ಹೀಗಿರುವಾಗ ಜುಲೈ ಮೊದಲ ವಾರದಲ್ಲಿ ಎರಡು ಕೆಲಸ ಒಟ್ಟಿಗೇ ಬಂದವು. ಬರದಿದ್ದರೆ ಒಂದೂ ಬರುವುದಿಲ್ಲ, ಬಂದರೆ ಎರಡೂ ಒಂದೇ ವಾರ ಬಂದು ತಲೆ ಕೆಡಿಸುತ್ತವೆ. ಕೆಲಸಗಳ ಬುದ್ಧಿಯೇ ಅಷ್ಟು.

ಮೊದಲನೆಯದು ಪಿ.ಜೆ. ಬಡಾವಣೆಯ ಒಂದು ಶಿಶುವಿಹಾರದ್ದು. ಅದನ್ನು ನಡೆಸುತ್ತಿದ್ದ ಉಚ್ಚಂಗಮ್ಮ ಅರವತ್ತರ ಹತ್ತಿರದ ಹೆಂಗಸು. ಮಾತು ಕಡ್ಡಿ ಮುರಿದ ಹಾಗೆ. ರಶೀದಾಳನ್ನು ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಕೂರಿಸಿ, ಸುತ್ತು ಬಳಸದೆ ಹೇಳಿದರು.

"ಐವತ್ತು ಹುಡುಗ್ರು ಅದಾವೆ, ಟೀಚರ್ ಒಬ್ಬಾಕೆ ಅದಾಳೆ. ಆಕೆ ಜೊತೆಗೆ ಒಬ್ರು ಬೇಕು. ಕೈ ಹಿಡಿದು ತಿದ್ದಿಸ್ಬೇಕು, ಅಳೋವನ್ನ ಎತ್ಕೋಬೇಕು, ಮೂಗು ಒರೆಸ್ಬೇಕು, ಚಡ್ಡಿ ಒದ್ದೆ ಮಾಡ್ಕಂಡ್ರೆ ಬದಲಾಯಿಸ್ಬೇಕು. ಸಹಾಯಕಿ ಅಂತ ಹೆಸರು. ಟೀಚರ್ ಅಂತ ಯಾರೂ ಕರೆಯಲ್ಲ, ಈಗ್ಲೇ ಹೇಳಿಬಿಡ್ತೀನಿ. ಆದ್ರೆ ಜಾಗ ನಿಂದೇ. ಯಾರೂ ಬಂದು ಏಳು ಅನ್ನಲ್ಲ."

ಎರಡನೆಯದು ಹರಿಹರದ್ದು. ಅಲ್ಲಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದ ಕಮಲಕ್ಕ ಎಂಬ ಟೀಚರ್ ಹೆರಿಗೆ ರಜಾ ಹಾಕಿದ್ದರು. ಅವರು ಬರುವ ತನಕ, ಅಂದರೆ ಮೂರು ತಿಂಗಳು, ಅವರ ಜಾಗದಲ್ಲಿ ಪಾಠ ಮಾಡಲು ಒಬ್ಬರು ಬೇಕಿತ್ತು. ಬಿ.ಇಡಿ. ಇಲ್ಲದಿದ್ದರೂ ನಡೆಯುತ್ತದೆ ಎಂದು ಕಾಲೇಜಿನ ಮೇಷ್ಟ್ರೊಬ್ಬರು ಚೀಟಿ ಬರೆದುಕೊಟ್ಟರು.

"ಮೂರು ತಿಂಗಳಾದ ಮ್ಯಾಲೆ?" ಎಂದು ಕೇಳಿದ ಹಯಾತ್ ಸಾಬ್.

"ಆವಾಗ ಆವಾಗಿಂದು" ಎಂದಳು ಅಮೀನಾಬೀ. "ಬಿ.ಎ. ಓದಿ ಕಂಡೋರ ಮಕ್ಕಳ ಮೂಗು ಒರೆಸೋಕೆ ಹೋಗ್ಬೇಕಾ? ನಾನು ಬೀದಿಯಲ್ಲಿ ಏನಂತ ಹೇಳ್ಲಿ?"

ಬೀದಿಗೆ ಏನು ಹೇಳುವುದೆಂಬ ಚಿಂತೆ ಅಮೀನಾಬೀಯದು. ರಶೀದಾಳ ಚಿಂತೆ ಬೇರೆ. ಐದನೇ ಕ್ಲಾಸಿನಲ್ಲಿದ್ದಾಗಲೇ ಅವಳು ಭಟ್ಟಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಲ್ಲಿ ಲೆಕ್ಕ ಬರೆದು, ಒಣಗಲು ಹರಡಿದ ಭತ್ತಕ್ಕೆ ಪಾಠ ಹೇಳುತ್ತಿದ್ದವಳು. ಕೋಳಿ ಬಂದು ಭತ್ತಕ್ಕೆ ಬಾಯಿ ಹಾಕಿದರೆ "ಕ್ಲಾಸಿಂದ ಆಚೆ ಹೋಗು" ಎಂದು ಗದರುತ್ತಿದ್ದವಳು. ಟೀಚರ್ ಎಂದು ಕರೆಸಿಕೊಳ್ಳುವ ಆಸೆ ಅವಳಿಗೆ ಊಟದ ಆಸೆಗಿಂತ ಹಳೆಯದು. ಅವಳು ಹರಿಹರಕ್ಕೆ ಹೊರಟಳು. ಉಚ್ಚಂಗಮ್ಮನಿಗೆ ತಾನೇ ಹೋಗಿ ಹೇಳಿದಾಗ ಅವರು "ಸಿಟ್ಟೇನಿಲ್ಲ, ಹೋಗಿ ಬಾ" ಎಂದಷ್ಟೇ ಹೇಳಿ, ಅಳುತ್ತಿದ್ದ ಒಂದು ಮಗುವನ್ನು ಎತ್ತಿಕೊಳ್ಳಲು ಎದ್ದು ಹೋದರು.

ಬೆಳಿಗ್ಗೆಯ ಪ್ಯಾಸೆಂಜರ್ ಗಾಡಿ ಹತ್ತಿದರೆ ಹರಿಹರ ಅರ್ಧ ಗಂಟೆಯ ದಾರಿ. ಸ್ಟೇಷನ್ನಿನಿಂದ ಹೊಳೆಯ ಕಡೆಗೆ ನಡೆದರೆ ಸ್ಕೂಲು. ಹೆಡ್‌ಮಾಸ್ತರ್ ಮೈಲಾರಲಿಂಗಪ್ಪ ಕೆಟ್ಟ ಮನುಷ್ಯರಲ್ಲ. ಆಫೀಸಿನ ಕಾಗದದ ಭಾಷೆಯೇ ಬಾಯಿಗೂ ಬಂದುಬಿಟ್ಟಿತ್ತು, ಅಷ್ಟೇ. ಮಳೆ ಬಂದರೂ "ಮಳೆಯ ನಿಮಿತ್ತ ಪ್ರಾರ್ಥನೆ ಒಳಗಡೆ" ಎನ್ನುವವರು. "ನಿಮ್ಮದು ತಾತ್ಕಾಲಿಕ, ಮೂಲ ಶಿಕ್ಷಕಿ ಹಾಜರಾಗುವವರೆಗೆ ಮಾತ್ರ" ಎಂದು ಅವರು ಮೊದಲ ದಿನವೇ ಹೇಳಿದರು. ಆಮೇಲೆ ಜವಾನ ಸಣ್ಣತಿಮ್ಮಪ್ಪ ಅವಳನ್ನು ಟೀಚರುಗಳ ಕೋಣೆಗೆ ಕರೆದುಕೊಂಡು ಹೋಗಿ ಕಮಲಕ್ಕನ ಕುರ್ಚಿ ತೋರಿಸಿದ, ಕಮಲಕ್ಕ ಚೀಲ ನೇತುಹಾಕುವ ಮೊಳೆ ತೋರಿಸಿದ, ಕಮಲಕ್ಕನ ಚಾ ಲೋಟ ತೋರಿಸಿದ. ಹಾಜರಿ ಪುಸ್ತಕದ ರಟ್ಟಿನ ಮೇಲೆ ತರಗತಿ ಶಿಕ್ಷಕಿ ಎಂದಿದ್ದ ಕಡೆ ಕಮಲಕ್ಕನ ಹೆಸರೇ ಇತ್ತು, ಅದನ್ನು ಯಾರೂ ಬದಲಿಸಲಿಲ್ಲ. ಆ ಸ್ಕೂಲಿನ ಪದ್ಧತಿ ಹಾಗೆ. ರಜಾ ಜಾಗಕ್ಕೆ ಬಂದವರ ಹೆಸರು ಎಲ್ಲೂ ಹತ್ತುತ್ತಿರಲಿಲ್ಲ. ಮೊದಮೊದಲು "ಕಮಲಕ್ಕನ ಜಾಗಕ್ಕೆ ಬಂದೋರು" ಎನ್ನುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅದೂ ಉದ್ದವಾಯಿತೆಂದು "ಕಮಲಕ್ಕನ ಜಾಗ" ಎಂದರು. "ಕಮಲಕ್ಕನ ಜಾಗ ಚಾ ಕುಡಿದ್ರಾ?" ಎಂದು ಸಣ್ಣತಿಮ್ಮಪ್ಪ ಕೇಳಿದಾಗ ರಶೀದಾಗೆ ನಗು ಬಂತು. ಹತ್ತನೇ ಸಲ ಕೇಳಿದಾಗ ಬರಲಿಲ್ಲ.

ಆದರೆ ಕ್ಲಾಸಿನ ಬಾಗಿಲು ದಾಟಿದರೆ ಲೋಕವೇ ಬೇರೆ. ಎಂಟನೇ ಕ್ಲಾಸಿನ ನಲವತ್ತೆರಡು ಹುಡುಗಿಯರು ಬೆಂಚು ಕಿರುಗುಟ್ಟಿಸುತ್ತಾ ಎದ್ದು "ನಮಸ್ತೇ ಟೀಚರ್" ಎಂದು ರಾಗ ಎಳೆಯುತ್ತಿದ್ದರು. ಮೊದಲ ದಿನ ಅದನ್ನು ಕೇಳಿ ರಶೀದಾ "ಕೂರಿ" ಎನ್ನುವುದನ್ನೇ ಮರೆತು ನಿಂತಳು. ಅವಳು ಪಾಠ ಚೆನ್ನಾಗಿ ಮಾಡಿದಳು. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ, ಹೆಡ್‌ಮಾಸ್ತರೇ ಕಿಟಕಿಯ ಹೊರಗೆ ನಿಂತು ಕೇಳಿ "ಬೋಧನೆ ತೃಪ್ತಿಕರ" ಎಂದು ಗೊಣಗಿಕೊಂಡು ಹೋದದ್ದನ್ನು ಇಡೀ ಕ್ಲಾಸು ಕೇಳಿತ್ತು. ಹುಡುಗಿಯರು ಅವಳು ಉಡುವ ಸೀರೆಯ ಬಣ್ಣದ ಮೇಲೆ ಪಂಥ ಕಟ್ಟತೊಡಗಿದರು. ಟೀಚರಾದವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಸುಖ ಹೀಗೆ ಏರುತ್ತಿರುವಾಗಲೇ ದಿನಗಳು ಇಳಿಯುತ್ತಿದ್ದವು. ಸೆಪ್ಟೆಂಬರ್ ಬಂತು. ಕಮಲಕ್ಕನಿಗೆ ಹೆಣ್ಣು ಮಗು ಆಗಿದೆ, ತವರೂರು ಮಾಯಕೊಂಡದಲ್ಲಿದ್ದಾರೆ ಎಂದು ಯಾರೋ ಹೇಳಿದರು. ರಶೀದಾ ಕಮಲಕ್ಕನನ್ನು ಒಂದು ಸಲವೂ ನೋಡಿರಲಿಲ್ಲ. ನೋಡದವರ ಮೇಲೆ ಆಸೆ ಕಟ್ಟುವುದು ಸುಲಭ. ರೈಲಿನ ಕಿಟಕಿ ಪಕ್ಕ ಕೂತು ಅವಳು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದಳು: ಅವರು ಬರದಿರಲಿ. ಕೆಟ್ಟದ್ದೇನೂ ಆಗೋದು ಬೇಡ, ಸುಮ್ಮನೆ ಮನೆ, ಮಗು ಅಂತ ಅಲ್ಲೇ ಉಳಿಯಲಿ. ಅಮೀನಾಬೀ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದರ್ಗಾಕ್ಕೆ ಹರಕೆ ಹೊತ್ತಳು. ಮಗಳ ಕೆಲಸ ಖಾಯಂ ಆದರೆ ಹಸಿರು ಚಾದರ ಹೊದಿಸುತ್ತೇನೆ ಅಂತ. ಕೆಲಸ ಖಾಯಂ ಆಗಬೇಕಾದರೆ ಇನ್ನೊಬ್ಬಾಕೆಗೆ ಏನಾಗಬೇಕು ಎಂಬುದನ್ನು ಅಮ್ಮನೂ ಯೋಚಿಸಲಿಲ್ಲ, ಮಗಳೂ ಯೋಚಿಸಲಿಲ್ಲ. ಇಬ್ಬರೂ ಒಳ್ಳೆಯ ಹೆಂಗಸರು. ಒಳ್ಳೆಯವರಿಗೂ ತಮ್ಮ ಕಷ್ಟದ ಮುಂದೆ ಬೇರೆಯವರದು ಕಾಣದ ಕಾಲ ಒಂದು ಬರುತ್ತದೆ.

ಅಕ್ಟೋಬರ್ ಮೊದಲ ವಾರ, ರಜಾ ಮುಗಿಯಲು ನಾಲ್ಕೇ ದಿನ ಇರುವಾಗ, ಮೈಲಾರಲಿಂಗಪ್ಪ ಕರೆಸಿದರು.

"ಮೂಲ ಶಿಕ್ಷಕಿ ಅನಿವಾರ್ಯ ಕಾರಣದಿಂದ ರಜಾ ಮುಂದುವರಿಸ್ಯಾರೆ. ಇನ್ನೂ ಮೂರು ತಿಂಗಳು. ಕಮಿಟಿಯೋರು ಒಪ್ಪ್ಯಾರೆ. ನಿಮಗೂ ಮುಂದುವರಿಕೆ."

ಅನಿವಾರ್ಯ ಕಾರಣ ಎನ್ನುವುದು ರಜಾ ಅರ್ಜಿಯಲ್ಲಿ ಎಲ್ಲರೂ ಬರೆಯುವ ಮಾತು. ನೆಗಡಿಗೂ ಅದೇ, ನೆಂಟರ ಮದುವೆಗೂ ಅದೇ. ಯಾವ ಕಾರಣ ಎಂದು ಹೆಡ್‌ಮಾಸ್ತರೂ ಕೇಳಿರಲಿಲ್ಲ, ರಶೀದಾಳೂ ಕೇಳಲಿಲ್ಲ. ಅವಳ ಹೊಟ್ಟೆಗೆ ಹಾಲು ಹುಯ್ದ ಹಾಗಾಗಿತ್ತು. ಸಣ್ಣತಿಮ್ಮಪ್ಪ ಬಾಗಿಲಲ್ಲೇ ಕಾದಿದ್ದ. ಒಳ್ಳೆಯ ಸುದ್ದಿಗೆ ಎಲ್ಲರ ಬಾಯಿ ಆಡಿಸಬೇಕೆಂಬುದು ಆ ಸ್ಕೂಲಿನ ಇನ್ನೊಂದು ಪದ್ಧತಿ, ಅದರ ಕಾವಲುಗಾರ ಅವನೇ.

"ಹೆಂಗ್ರಿ ಟೀಚರ್, ಬರೀ ಬಾಯಾಗೆ ಕಳಿಸ್ತೀರಾ? ಭಟ್ಟಿ ಮನೆಯೋರು ನೀವು."

ಮಾರನೆಯ ದಿನ ಹಯಾತ್ ಸಾಬ್ ಮಗಳಿಗಾಗಿ ಒಂದು ಬಾಣಲೆ ಬೇರೆಯೇ ಅರಳಿಸಿದ. ಉಪ್ಪು ಹದವಾಗಿ ಹಿಡಿದ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲದ ಬಿಳಿ ಮಂಡಕ್ಕಿ. ಅಮೀನಾಬೀ ಅದಕ್ಕೆ ಖಾರದ ಒಗ್ಗರಣೆ ಹಾಕಿ ದೊಡ್ಡ ಡಬ್ಬಿಯಲ್ಲಿ ತುಂಬಿ ಕಳಿಸಿದಳು. ಮೆಣಸಿನಕಾಯಿ ಬಜ್ಜಿಯನ್ನು ಸಣ್ಣತಿಮ್ಮಪ್ಪ ಹರಿಹರದ ಸ್ಟೇಷನ್ ಹತ್ತಿರದಿಂದ ಬಿಸಿಬಿಸಿ ತಂದ. ಮಧ್ಯಾಹ್ನದ ಬಿಡುವಿನಲ್ಲಿ ಟೀಚರುಗಳ ಕೋಣೆ ತುಂಬಿತು. ಅವತ್ತು ಯಾರೂ "ಕಮಲಕ್ಕನ ಜಾಗ" ಅನ್ನಲಿಲ್ಲ. "ರಶೀದಾ ಟೀಚರ್, ನಿಮ್ಮ ತಂದೇರ ಕೈಗೆ ಬಂಗಾರದ ಬಳೆ ಹಾಕ್ಬೇಕು ನೋಡ್ರಿ" ಎಂದರು ಲೆಕ್ಕದ ಮೇಷ್ಟ್ರು, ಬಾಯಿ ತುಂಬಿಕೊಂಡು.

ಆಗ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಮೂವತ್ತು ದಾಟಿದ ವಯಸ್ಸು, ಮಾಸಿದ ಅಂಗಿ, ನಾಲ್ಕು ದಿನದ ಗಡ್ಡ, ಕೈಯಲ್ಲಿ ಮಡಿಸಿದ ಒಂದು ಕಾಗದ. ಯಾರೋ "ಓ, ಬರ್ರಿ ಕೆಂಚವೀರಪ್ಪ, ಕೂಡ್ರಿ" ಎಂದರು. ಕಮಲಕ್ಕನ ಗಂಡ. ರಶೀದಾ ಸಂಭ್ರಮದಲ್ಲಿ ತಾನೇ ಎದ್ದು ಒಂದು ತಟ್ಟೆ ತುಂಬಿ ಅವನ ಕೈಗೆ ಕೊಟ್ಟಳು.

"ಏನು ವಿಶೇಷ?" ಎಂದು ಅವನು ಕೇಳಿದ.

"ಈ ಟೀಚರಿಗೆ ಇನ್ನೂ ಮೂರು ತಿಂಗಳು ಮುಂದುವರಿಸ್ಯಾರ್ರಿ" ಎಂದ ಸಣ್ಣತಿಮ್ಮಪ್ಪ. "ಅದರ ಖುಷಿಗೆ."

ಕೆಂಚವೀರಪ್ಪ ತಟ್ಟೆ ನೋಡಿದ. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡ. ಅಗಿದು ನುಂಗಿ, ಮತ್ತೊಂದು ಹಿಡಿ ಹಾಕಿಕೊಂಡ. ತಟ್ಟೆ ಖಾಲಿಯಾಗುವ ತನಕ ತಿಂದ. ಆಮೇಲೆ ಕೈ ಒರೆಸಿಕೊಂಡು "ಒಳ್ಳೇದಾಗ್ಲಿ ತಾಯಿ" ಎಂದು ರಶೀದಾಗೆ ಹೇಳಿ, ಕಾಗದವನ್ನು ಲೆಕ್ಕದ ಮೇಷ್ಟ್ರ ಮುಂದೆ ಇಟ್ಟ.

"ಹೆಡ್‌ಮಾಸ್ತರಿಗೆ ಕೊಟ್ಟುಬಿಡ್ರಿ ಸರ್. ಡಾಕ್ಟರ್ ಸರ್ಟಿಫಿಕೇಟ್. ಕೂಸಿಗೆ ಎದೆ ಕಟ್ಟೈತೆ, ಹಾಲು ಹಿಡೀತಿಲ್ಲ. ದಾವಣಗೆರೆ ದೊಡ್ಡಾಸ್ಪತ್ರೆಯಾಗೆ ಇಟ್ಕಂಡೀವಿ. ಉಳಿಯೋದು ಇನ್ನೂ ಹೇಳೋಕೆ ಬರಲ್ಲ ಅಂದಾರೆ."

ಅವನು ಹೋದ. ಕೋಣೆಯಲ್ಲಿ ಯಾರ ಬಾಯಿಯೂ ಆಡಲಿಲ್ಲ. ರಶೀದಾ ಅಲ್ಲೇ ನಿಂತಿದ್ದಳು. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಕೇಳಿಕೊಂಡಿದ್ದು ತಾನೇ ಅಲ್ಲವೇ, ದಿನಾ, ರೈಲಿನ ಕಿಟಕಿ ಪಕ್ಕ ಕೂತು?

ಅವತ್ತು ಸಂಜೆ ಮನೆಗೆ ಬಂದವಳೇ ಅಮ್ಮನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಅತ್ತಳು. "ಹರಕೆ ವಾಪಸ್ ತಗೋ ಅಮ್ಮಾ" ಎಂದಳು.

"ಹರಕೆ ಅಂದ್ರೆ ಆಫೀಸಿನ ಆರ್ಡರ್ರಾ, ಕ್ಯಾನ್ಸಲ್ ಮಾಡೋಕೆ?" ಎಂದು ಅಮೀನಾಬೀ ಗದರಿದಳು. ಆದರೆ ಅವಳ ದನಿಯಲ್ಲಿ ದಿನದ ಜೋರು ಇರಲಿಲ್ಲ. ಸೆರಗಿನ ಅಂಚು ತಿರುಚುತ್ತಾ ಕೂತಳು. ಐದು ಹೆತ್ತು ಎರಡನ್ನು ಕಳೆದುಕೊಂಡವಳು ಅವಳು. ಬೆಳಗಾಗುತ್ತಲೇ ಎದ್ದು ದರ್ಗಾಕ್ಕೆ ಹೋಗಿ ಬಂದು, ಮಗಳಿಗೆ ಹೇಳಿದಳು: "ಕೋರಿಕೆ ಬದಲಾಯ್ಸಿ ಬಂದೀನಿ. ಕೂಸು ಉಳಿದ್ರೆ ಹೊದಿಸ್ತೀನಿ ಅಂದೆ. ಚಾದರ ಅದೇ. ನಡಿ, ಆಸ್ಪತ್ರೆಗೆ ಹೋಗಣ."

ಮಕ್ಕಳ ವಾರ್ಡಿನ ಮೂಲೆಯ ಮಂಚದಲ್ಲಿ ಕಮಲಕ್ಕ ಕೂತಿದ್ದರು. ರಶೀದಾ ಯಾವ ದೊಡ್ಡ ಹೆಂಗಸನ್ನೋ ಊಹಿಸಿಕೊಂಡಿದ್ದಳು. ಮೂರು ತಿಂಗಳು ಒಬ್ಬರ ಕುರ್ಚಿಯಲ್ಲಿ ಕೂತು, ಒಬ್ಬರ ಲೋಟದಲ್ಲಿ ಚಾ ಕುಡಿದ ಮೇಲೆ ಅವರು ದೊಡ್ಡವರಾಗಿಯೇ ಕಾಣುತ್ತಾರೆ. ಇಲ್ಲಿದ್ದದ್ದು ತನಗಿಂತ ಐದಾರು ವರ್ಷಕ್ಕೆ ಹಿರಿಯ, ಸಣಕಲು ಹೆಂಗಸು, ತೊಡೆಯ ಮೇಲೆ ಬಟ್ಟೆಯ ಗಂಟಿನಷ್ಟೇ ಇದ್ದ ಕೂಸು. ಅಮೀನಾಬೀ ಕೇಳದೆಯೇ ಕೂಸನ್ನು ಎತ್ತಿಕೊಂಡು ಅದರ ಎದೆಗೆ ಕಿವಿಯಿಟ್ಟಳು. ರಶೀದಾ ತಾನು ಯಾರೆಂದು ಹೇಳಿದಳು. ಮಂಡಕ್ಕಿಯ ಮಾತು ಗಂಟಲಲ್ಲೇ ಉಳಿಯಿತು.

ಕಮಲಕ್ಕ ಮೊದಲು ಕೇಳಿದ್ದು ಕ್ಲಾಸಿನ ವಿಷಯ. ಸಮಾಜದಲ್ಲಿ ಯಾವ ಪಾಠದವರೆಗೆ ಬಂತು, ಮೂರನೇ ಬೆಂಚಿನವಳಿಗೆ ಈಗಲಾದರೂ ಮೂಡಣ ಪಡುವಣ ತಿಳಿಯಿತಾ ಅಂತ. ಆಮೇಲೆ ಕೂಸಿನ ಕಡೆ ನೋಡುತ್ತಾ ಅಂದರು, "ನಾನು ಕೆಲಸ ಬಿಡೋಣ ಅಂತ ಮಾಡೀನಿ. ನಮ್ಮತ್ತೇರೂ ಬ್ಯಾಡ ಅಂತಾರೆ. ರಾಜೀನಾಮೆ ಬರೆದು ಇವರ ಕೈಯಾಗೆ ಕಳಿಸ್ತೀನಿ. ನೀವು ಚೆನ್ನಾಗಿ ಪಾಠ ಮಾಡ್ತೀರಂತೆ. ಆ ಜಾಗಕ್ಕೆ ನೀವೇ ಇರ್ರಿ."

ಬಂತು ನೋಡಿ. ಕೇಳಿಕೊಂಡದ್ದೇ, ಕೇಳಿಕೊಂಡ ಹಾಗೆಯೇ, ಕೈಗೆ ಬಂತು. ರಶೀದಾ ಏನು ದೇವತೆಯಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ಅವಳ ಮನಸ್ಸು ಹೂಂ ಎಂದಿತು. ಹಾಜರಿ ಪುಸ್ತಕದ ರಟ್ಟಿನ ಮೇಲೆ ತನ್ನ ಹೆಸರು ಕಂಡಿತು. ಅಮೀನಾಬೀ ಕೂಸನ್ನು ಎತ್ತಿಕೊಂಡೇ ಮಗಳ ಮುಖ ನೋಡಿದಳು.

"ಬರೀಬ್ಯಾಡ್ರಿ" ಎಂದಳು ರಶೀದಾ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ಈಗ ಏನೂ ಬರೀಬ್ಯಾಡ್ರಿ. ಕೂಸು ಹುಷಾರಾಗ್ಲಿ. ಅಲ್ಲೀತನ ನಾನು ಜಾಗ ಕಾಯ್ತೀನಿ. ನೀವು ಬರ್ಬೇಕು."

"ಆಮ್ಯಾಲೆ ನೀವು?"

"ನನಗೊಂದು ಕಡೆ ಕರೆದಾರೆ" ಎಂದಳು ರಶೀದಾ. ಕರೆದು ಮೂರು ತಿಂಗಳಾಗಿತ್ತು, ಆ ಜಾಗ ಇದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಕೂಸು ಉಳಿಯಿತು. ದೀಪಾವಳಿ ಹೊತ್ತಿಗೆ ಹಾಲು ಹಿಡಿಯಿತು, ಡಿಸೆಂಬರಿನಲ್ಲಿ ಕೆನ್ನೆ ಬಂತು. ಅಮೀನಾಬೀ ಚಾದರ ಹೊದಿಸಿದಳು, ಹಸಿರಿನದೇ. ಜನವರಿಯಲ್ಲಿ ಒಂದು ಸೋಮವಾರ ಕಮಲಕ್ಕ ಸ್ಕೂಲಿಗೆ ಬಂದರು. ರಶೀದಾ ಅವರ ಕುರ್ಚಿ ಒರೆಸಿ, ಲೋಟ ತೊಳೆದು, ಮೊಳೆಯಿಂದ ತನ್ನ ಚೀಲ ತೆಗೆದುಕೊಂಡಳು. ಹುಡುಗಿಯರು ಎರಡು ಬಣವಾಗಿ ಅತ್ತರು, ಒಂದು ಕಮಲಕ್ಕ ಬಂದದ್ದಕ್ಕೆ, ಇನ್ನೊಂದು ರಶೀದಾ ಹೋಗುವುದಕ್ಕೆ. ಮೈಲಾರಲಿಂಗಪ್ಪನವರಿಗೂ ಏನೋ ಅನ್ನಿಸಿರಬೇಕು, ಅಪರೂಪಕ್ಕೆ ಕಾಗದದ ಭಾಷೆ ಬಿಟ್ಟು ಮಾತಾಡಿದರು.

"ನೀನು ಖಾಲಿ ಕೂರ್ಬ್ಯಾಡಮ್ಮ. ನಮ್ಮ ಕಮಿಟಿಯೋರದ್ದೇ ಇನ್ನೊಂದು ಸ್ಕೂಲು ಐತಲ್ಲ, ಅಲ್ಲಿ ಹಿಂದಿ ಮೇಷ್ಟ್ರು ರಜಾ ಹಾಕ್ಯಾರೆ. ಎರಡು ತಿಂಗಳು. ನಿನ್ನ ಹೆಸರು ಹೇಳ್ಲಾ?"

"ಯಾಕೆ ರಜಾ ಹಾಕ್ಯಾರೆ ಸರ್?"

ಮೈಲಾರಲಿಂಗಪ್ಪ ತಬ್ಬಿಬ್ಬಾದರು. ಅವರ ಇಡೀ ನೌಕರಿಯಲ್ಲಿ ರಜಾ ಜಾಗ ಕೇಳಿ ಬಂದವರು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ಏನೋ ಹೊಟ್ಟೆ ಆಪರೇಷನ್ನಂತೆ" ಎಂದರು.

ರಶೀದಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎರಡು ತಿಂಗಳು ಟೀಚರ್ ಅನ್ನಿಸಿಕೊಳ್ಳಬಹುದು. ಆ ಮೇಷ್ಟ್ರ ಹೊಲಿಗೆ ಮಾಯದಿದ್ದರೆ ನಾಲ್ಕು ತಿಂಗಳು. ಆಮೇಲೆ ಇನ್ನೊಬ್ಬರ ಕಾಲು, ಮತ್ತೊಬ್ಬರ ಹೆರಿಗೆ. ಇನ್ನೊಬ್ಬರಿಗೆ ಬೇಗ ಗುಣವಾಗಲಿ ಎಂದು ಪೂರ್ತಿ ಮನಸ್ಸಿನಿಂದ ಹೇಳಲಾಗದ ಕೆಲಸ ತನಗೆ ಬೇಡ ಎನಿಸಿತು. "ಬ್ಯಾಡ ಸರ್, ಬೇರೆ ಯಾರಿಗಾದ್ರೂ ಹೇಳ್ರಿ" ಎಂದು ಕೈ ಮುಗಿದು ಬಂದಳು.

ದಾವಣಗೆರೆ ಸ್ಟೇಷನ್ನಿನಿಂದ ಮನೆಗೆ ಹೋಗದೆ ಸೀದಾ ಪಿ.ಜೆ. ಬಡಾವಣೆಗೆ ನಡೆದಳು. ಉಚ್ಚಂಗಮ್ಮ ಒಂದು ಹುಡುಗಿಯ ಜಡೆಗೆ ಟೇಪು ಕಟ್ಟುತ್ತಿದ್ದರು.

"ಜಾಗ ಐತಾ ಅಮ್ಮಾ?"

"ಮೂರು ಜನ ಬಂದು ಓಡಿ ಹೋದ್ರು. ಮೂಗು ಒರೆಸೋದು ಸಲೀಸು ಅನ್ಕಂಡಿದ್ರು" ಎಂದರು ಉಚ್ಚಂಗಮ್ಮ, ತಲೆ ಎತ್ತದೆ. "ಬಿ.ಎ. ಆದೋಳು ನೀನು. ನಾಳೆ ಯಾರಾದ್ರೂ ಆಯಾ ಅಂತ ಕರೆದ್ರೆ ಮುಖ ಊದಿಸ್ಕಂಡು ಕೂರ್ತೀಯಾ?"

"ಒಂದು ವಾರ ಊದಿಸ್ಕಂತೀನಿ" ಎಂದಳು ರಶೀದಾ. "ಆಮ್ಯಾಲೆ ಸರಿ ಹೋಗ್ತೀನಿ."

ಉಚ್ಚಂಗಮ್ಮ ಆಗ ತಲೆ ಎತ್ತಿ ನೋಡಿ ನಕ್ಕರು.

ಮನೆಯಲ್ಲಿ ಅಮೀನಾಬೀ ಮೂರು ದಿನ ಬೀದಿಗೆ ಇಳಿಯಲಿಲ್ಲ. ನಾಲ್ಕನೇ ದಿನ ಇಳಿದು, ಮಗಳು ಪಿ.ಜೆ. ಬಡಾವಣೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂದಷ್ಟೇ ಹೇಳಿದಳು, ಒಂದೇ ಭಾಷೆಯಲ್ಲಿ. ಹಯಾತ್ ಸಾಬ್ ಕೆಲಸದ ಬಗ್ಗೆ ಮಗಳನ್ನು ಏನೂ ಕೇಳಲಿಲ್ಲ. ಅವನನ್ನು ಕಾಡಿದ್ದು ಬೇರೆ ವಿಷಯ. ಆ ಅಕ್ಟೋಬರಿನಿಂದ ಮಗಳು ಮಂಡಕ್ಕಿ ಬಾಯಿಗೆ ಹಾಕುವುದನ್ನು ಬಿಟ್ಟುಬಿಟ್ಟಿದ್ದಳು. ಭಟ್ಟಿಯವನ ಮನೆಯಲ್ಲಿ ಮಂಡಕ್ಕಿ ತಿನ್ನದೆ ಇರುವುದೆಂದರೆ ಮೀನು ನೀರು ಬಿಟ್ಟು ಇದ್ದ ಹಾಗೆ. "ಉಪ್ಪು ಜಾಸ್ತಿ ಆಗೈತಾ?" ಎಂದು ಅವನು ಪಾಪ, ವರ್ಷಗಟ್ಟಲೆ ಕೇಳಿದ. "ಹಲ್ಲು ನೋವು" ಎನ್ನುತ್ತಿದ್ದಳು. ಯಾರ ಹಲ್ಲು ಐದು ವರ್ಷ ನೋಯುತ್ತದೆ?

ಶಿಶುವಿಹಾರದಲ್ಲಿ ಮೊದಲ ವಾರ ಅವಳಿಗೆ ನಿಜವಾಗಿಯೂ ಅಳು ಬಂತು. ಕಾಲೇಜಿನಲ್ಲಿ ಜೊತೆಗೆ ಓದಿದವಳೊಬ್ಬಳು ಅಕ್ಕನ ಮಗನನ್ನು ಬಿಡಲು ಬಂದು, ಗುರುತು ಹಿಡಿದೂ ಹಿಡಿಯದ ಹಾಗೆ ಹೋದಳು. ಆದರೆ ಕೆಲಸ ಮೆಲ್ಲಗೆ ಕೈಗೆ ಹತ್ತಿತು. ಬಳಪ ಹಿಡಿದ ಮಗುವಿನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ಸ್ಲೇಟಿನ ಮೇಲೆ ಅ ತಿದ್ದಿಸುವಾಗ, ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಯಾವ ಬಿ.ಇಡಿ.ಯಲ್ಲೂ ಕಲಿಸದ ವಿದ್ಯೆ. ಬೇಗ ಬಿಟ್ಟರೆ ಅಕ್ಷರ ಬೀಳುತ್ತದೆ, ಬಿಡದಿದ್ದರೆ ಮಗು ಕಲಿಯುವುದಿಲ್ಲ. ಮಕ್ಕಳು ಅವಳನ್ನು ಆಯಾ ಎನ್ನಲಿಲ್ಲ, ಟೀಚರ್ ಎಂದೂ ಅನ್ನಲಿಲ್ಲ. ರಶೀದಕ್ಕ ಎಂದವು. ಟೀಚರುಗಳು ರಜಾ ಹಾಕಿದರು, ಬದಲಿಯವರು ಬಂದರು, ಹೋದರು. ಹೊಸದಾಗಿ ಬಂದವರಿಗೆ ಯಾವ ಮಗು ಯಾವುದಕ್ಕೆ ಹೆದರುತ್ತದೆ ಎಂದು ಹೇಳಿಕೊಡುವವಳು ರಶೀದಾ. ಯಾರಾದರೂ ರಜಾ ಹಾಕಿದರೆ ಭಾನುವಾರ ಅವರ ಮನೆಗೆ ಹೋಗಿ ಮಾತಾಡಿಸಿ ಬರುತ್ತಿದ್ದವಳೂ ಅವಳೇ.

೧೯೮೪ರ ಜೂನ್. ರಜೆ ಮುಗಿದು ಶಿಶುವಿಹಾರ ತೆರೆದ ಮೊದಲ ದಿನ, ಅಳುವ ಮಕ್ಕಳ ಗದ್ದಲದ ನಡುವೆ ರಶೀದಾ ಕಂಕುಳಲ್ಲಿ ಒಂದು, ಕೈಯಲ್ಲಿ ಎರಡು ಹಿಡಿದು ನಿಂತಿದ್ದಾಗ ಗೇಟಿನಲ್ಲಿ ಕಮಲಕ್ಕ ಕಂಡರು. ದಾವಣಗೆರೆಗೆ ಮನೆ ಬದಲಿಸಿ, ಈಗ ಅವರೇ ದಿನಾ ಹರಿಹರಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಹಿಂದೆ ಕೆಂಚವೀರಪ್ಪ, ಅವನ ಬೆರಳು ಹಿಡಿದು ಐದು ವರ್ಷದ ಹುಡುಗಿ. ಅಜ್ಜಿಯ ಹೆಸರನ್ನೇ ಇಟ್ಟಿದ್ದರು, ಓಬವ್ವ. ಬಟ್ಟೆಯ ಗಂಟಿನಷ್ಟಿದ್ದ ಕೂಸು ಈಗ ಅಪ್ಪನ ಕೈ ಎಳೆದು ಬೀಳಿಸುವಷ್ಟು ಗಟ್ಟಿಯಾಗಿತ್ತು.

ಮಗುವನ್ನು ಸ್ಕೂಲಿಗೆ ಸೇರಿಸುವ ದಿನ ಕ್ಲಾಸಿಗೆಲ್ಲ ಮಂಡಕ್ಕಿ ಬೆಲ್ಲ ಹಂಚುವುದು ಅವರ ಕಡೆಯ ರೂಢಿ. ಕೆಂಚವೀರಪ್ಪ ಚೀಲ ಬಿಚ್ಚಿ ಮೊದಲ ಹಿಡಿಯನ್ನು ರಶೀದಾಳ ಮುಂದೆ ಹಿಡಿದ.

ಅವಳ ಕೈ ಏಳಲಿಲ್ಲ. ಐದು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಅಣ್ಣಾ, ಅವತ್ತು ಹರಿಹರದಾಗೆ ನಾನು ನಿಮಗೆ ತಟ್ಟೆ ಕೊಟ್ಟೆ. ಕೂಸು ಹಂಗಿರುವಾಗ, ಅದರಿಂದಲೇ ನನಗೆ ಮುಂದುವರೀತು ಅಂತ ಖುಷಿ ಪಟ್ಟು ಕೊಟ್ಟೆ. ಗೊತ್ತಿರ್ಲಿಲ್ಲ ನನಗೆ. ಗೊತ್ತಿದ್ದೂ ನೀವು ಯಾಕೆ ತಿಂದ್ರಿ? ತಟ್ಟೆ ನನ್ನ ಮುಖಕ್ಕೆ ಎಸೀಬೇಕಿತ್ತು."

ಕೆಂಚವೀರಪ್ಪ ಅವಳನ್ನೇ ನೋಡಿದ. ಅವನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಸಂಕೋಚದಿಂದ ಕತ್ತು ಕೆರೆದುಕೊಂಡ.

"ಹಸಿವಾಗಿತ್ತಮ್ಮ" ಎಂದ. "ಎರಡು ದಿನ ಆಗಿತ್ತು, ಆಸ್ಪತ್ರೆಯಾಗೆ ನೀರು ಬಿಟ್ರೆ ಏನೂ ಇಳಿದಿರ್ಲಿಲ್ಲ. ಬಸ್ಸಿನಾಗೆ ಕಣ್ಣು ಕತ್ತಲೆ ಬಂದಿತ್ತು. ನೀವು ಕೇಳ್ದೆ ಇದ್ರೂ ತಟ್ಟೆ ತುಂಬ ಕೊಟ್ರಿ. ಅವತ್ತು ಅದು ಇಲ್ದಿದ್ರೆ ನಾನು ವಾಪಸ್ ಆಸ್ಪತ್ರೆ ಮುಟ್ತಿರ್ಲಿಲ್ಲ. ಈಗ್ಲೂ ಇವಳಿಗೆ ಹೇಳ್ತಿರ್ತೀನಿ, ಅಂಥ ಮಂಡಕ್ಕಿ ಆಮ್ಯಾಲೆ ಎಲ್ಲೂ ಸಿಗ್ಲಿಲ್ಲ ಅಂತ."

"ಹೌದ್ರಿ, ಹೇಳ್ತಿರ್ತಾರೆ" ಎಂದರು ಕಮಲಕ್ಕ.

ರಶೀದಾ ಕಂಕುಳಲ್ಲಿದ್ದ ಮಗುವನ್ನು ಕೆಳಗಿಳಿಸಿದಳು. ಎರಡೂ ಕೈ ಒಡ್ಡಿ ಆ ಹಿಡಿ ಮಂಡಕ್ಕಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಕಣ್ಣಿನಲ್ಲಿ ನೀರು ತುಂಬಿತು, ಅಳುವ ಮಕ್ಕಳ ನಡುವೆ ಅದನ್ನು ಯಾರೂ ಗಮನಿಸಲಿಲ್ಲ. ಒಂದು ಹಿಡಿ ಮುಗಿಸಿ, ಇನ್ನೊಂದಕ್ಕೆ ತಾನೇ ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಓಬವ್ವ ಬಂದು ಅವಳ ಸೆರಗು ಜಗ್ಗಿದಳು.

"ನೀನೇ ಎಲ್ಲ ತಿಂದ್ರೆ ನಂಗೆ?"

ರಶೀದಾ ಮೂಗು ಒರೆಸಿಕೊಂಡು, ಅವಳ ಮೂಗನ್ನೂ ಒರೆಸಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.